ಅಜ್ಜನ ನಂಬಿಕೆ, ಮೊಮ್ಮಗಳ ತರಗತಿ

ಜೂನ್ ಬಂತೆಂದರೆ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಒಂದೇ ಮಾತು: ಒಂದನೇ ತರಗತಿಗೆ ಎಷ್ಟು ಮಕ್ಕಳು ಸೇರಿದರು? ಸಂಖ್ಯೆ ಇಳಿದಲ್ಲಿ ‘ಈಗಿನವರಿಗೆ ಭಾಷಾಭಿಮಾನವಿಲ್ಲ’ ಎಂದು ಹೆತ್ತವರನ್ನು ದೂರುತ್ತೇವೆ. ಈ ದೂರು ಅರ್ಧ ಸತ್ಯ.

ಇಲ್ಲಿನ ಕನ್ನಡಿಗರಲ್ಲಿ ಅನೇಕರಿಗೆ ಕನ್ನಡ ಮನೆಮಾತಲ್ಲ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಅಕ್ಷರ ಕನ್ನಡ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. 1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿದ್ದು ಕನ್ನಡ ಕಾವ್ಯಕ್ಕಾಗಿ. ತುಳು ಮನೆಯಿಂದ ಬಂದ ಕಯ್ಯಾರ ಕಿಞ್ಞಣ್ಣ ರೈಗಳು ಕನ್ನಡ ಹೋರಾಟದ ಮುಂದಾಳಾದರು. ನಮ್ಮಲ್ಲಿ ಬಹುಮಂದಿಯನ್ನು ಕನ್ನಡಿಗರನ್ನಾಗಿ ಮಾಡಿದ್ದು ಶಾಲೆ. ಶಾಲೆ ಕೊಟ್ಟದ್ದು ಶಾಲೆಯಲ್ಲೇ ಕಳೆದುಹೋಗಲೂಬಹುದು.

ನಂಬಿಕೆಗಳೂ ನಿಂತಲ್ಲಿ ನಿಂತಿಲ್ಲ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದಾಗ, ಇಂದಲ್ಲ ನಾಳೆ ಈ ಗಡಿ ಸರಿಯಾದೀತೆಂದು ಅಜ್ಜಂದಿರು ನಂಬಿದ್ದರು. ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ವರದಿ ಹೇಳಿದಾಗ ಆ ನಂಬಿಕೆಗೆ ಬಲ ಬಂತು. ವರದಿ ಜಾರಿಯಾಗಲಿಲ್ಲ. ಅವರ ಮಕ್ಕಳು ಕೇರಳದ ಪ್ರಜೆಗಳಾಗಿಯೇ ಭಾಷಾ ಅಲ್ಪಸಂಖ್ಯಾತರ ಹಕ್ಕು ಕೇಳಿದರು. ಮೊಮ್ಮಕ್ಕಳು ಪಿಎಸ್‌ಸಿ ಪರೀಕ್ಷೆ, ಇಂಗ್ಲಿಷ್, ಉದ್ಯೋಗದ ಲೆಕ್ಕ ಹಾಕುತ್ತಿದ್ದಾರೆ.

ಇದನ್ನು ದ್ರೋಹವೆನ್ನಲಾಗದು. ಮಲಯಾಳ ಕಲಿತ ಮಗು ಕನ್ನಡ ಬಿಟ್ಟಂತೆಯೂ ಅಲ್ಲ. ಮನೆಗೊಂದು, ಶಾಲೆಗೊಂದು, ಪೇಟೆಗೊಂದು ಭಾಷೆ ಎಂಬುದು ಈ ನೆಲದ ಹಳೆಯ ರೂಢಿ. ಆದರೆ ತಾನಾಗಿ ಬದಲಾಗುವುದು ಬೇರೆ, ಬೇರೆ ದಾರಿಯಿಲ್ಲದೆ ಬದಲಾಗುವುದು ಬೇರೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದು ಗಣಿತ ಕಲಿಸಿದರೆ, ಮಗುವಿಗೆ ಗಣಿತವೂ ದಕ್ಕದು, ಕನ್ನಡದ ಮೇಲಿನ ವಿಶ್ವಾಸವೂ ಉಳಿಯದು. ಆಮೇಲೆ ಆ ಮಗುವಿನ ತಂದೆ ವರ್ಗಾವಣೆ ಪತ್ರ ಕೇಳಿದರೆ ಅದನ್ನು ಅವನ ಆಯ್ಕೆ ಎನ್ನುವುದು ಹೇಗೆ?

ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕನ್ನಡ ಬಲ್ಲ ಅಧ್ಯಾಪಕರ ನೇಮಕವೇ ಆ ಸೌಕರ್ಯದ ಮೊದಲ ಮೆಟ್ಟಿಲು. ಸರಕಾರ ಅದನ್ನು ಮಾಡಲಿ. ನಾವೂ ಹೆತ್ತವರನ್ನು ದೂರುವ ಮೊದಲು, ನಮ್ಮೂರ ಶಾಲೆಯಲ್ಲಿ ಯಾವ ಹುದ್ದೆ ಖಾಲಿಯಿದೆ, ಬಂದವರಿಗೆ ಕನ್ನಡ ಬರುತ್ತದೆಯೇ ಎಂದು ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಕೇಳೋಣ. ನಾಳೆ ಮೊಮ್ಮಗಳು ಏನನ್ನು ನಂಬುತ್ತಾಳೋ ಅದು ಅವಳಿಗೆ ಬಿಟ್ಟದ್ದು. ಆಯ್ದುಕೊಳ್ಳುವ ಹೊತ್ತಿಗೆ ಕನ್ನಡವೂ ಅವಳ ಕೈಯಲ್ಲಿರಬೇಕು, ಅಷ್ಟೆ.