ಬಿಚ್ಚಿ ನೋಡಿದರೆ ತಪ್ಪೇನು?

‘ಮುಟ್ಟಬೇಡ’ ಎಂಬ ಮಾತನ್ನು ಕೇಳಿಕೊಂಡೇ ಬೆಳೆದವರು ನಾವು. ರೇಡಿಯೋ ಕೆಟ್ಟರೆ ಮುಟ್ಟಬೇಡ, ಫ್ಯೂಸ್ ಹೋದರೆ ಮುಟ್ಟಬೇಡ, ತೋಟದ ಪಂಪ್‌ಸೆಟ್ ನಿಂತರೆ ಆ ಕಡೆ ಹೋಗಲೇಬೇಡ. ಅಣ್ಣತಮ್ಮಂದಿರು ರೇಡಿಯೋ ಬಿಚ್ಚಿ ಹಾಳುಗೆಡವಿದರೆ ‘ಹುಡುಗ ಚುರುಕು’ ಎಂದು ನಗುತ್ತಿದ್ದ ಹಿರಿಯರು, ನಾವು ಅದರ ಹಿಂದಿನ ಮುಚ್ಚಳಕ್ಕೆ ಕೈ ಒಯ್ದರೆ ಸಾಕು, ‘ಮುಟ್ಟಡ ಕೂಸೆ, ಕರೆಂಟು ಹೊಡೀತು’ ಎಂದು ಗದರುತ್ತಿದ್ದರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ನನ್ನ ವಯಸ್ಸಿನ ಯಾವ ಹೆಣ್ಣುಮಗಳನ್ನು ಬೇಕಾದರೂ ಕೇಳಿ, ಇದು ಗೊತ್ತಿಲ್ಲ ಎನ್ನಲಾರಳು. ಈಗ ಅದೇ ಮಾತನ್ನು ಲ್ಯಾಪ್‌ಟಾಪ್ ತಯಾರಿಸುವ ಕಂಪನಿಗಳು ಹೇಳುತ್ತಿವೆ. ಹೆಂಗಸರಿಗೆ ಮಾತ್ರವಲ್ಲ, ಎಲ್ಲರಿಗೂ. ಗಂಡಸರೂ ಒಮ್ಮೆ ಅದರ ರುಚಿ ನೋಡಲಿ ಎಂದು ನಾನು ಸುಮ್ಮನಿರಬಹುದಿತ್ತು. ಆದರೆ ಪೆಟ್ಟು ಬೀಳುತ್ತಿರುವುದು ಮತ್ತೆ ನಮ್ಮ ಹೆಣ್ಣುಮಕ್ಕಳ ಓದಿಗೇ. ಆದ್ದರಿಂದ ಈ ಜಗಳ ನನ್ನದೂ ಹೌದು.

ಹೇಗೆ ಎನ್ನುತ್ತೀರಾ? 2020ರಲ್ಲಿ ಶಾಲೆ ಕಾಲೇಜುಗಳು ಬಾಗಿಲು ಹಾಕಿದಾಗ ನಮ್ಮ ಕಡೆಯ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ ಕೂತದ್ದು ಎಲ್ಲರಿಗೂ ನೆನಪಿದೆ. ಆಗ ಸಾಲ ಮಾಡಿ ಕೊಂಡ ಲ್ಯಾಪ್‌ಟಾಪುಗಳು, ಬೆಂಗಳೂರಿನಲ್ಲಿರುವ ಅಣ್ಣ ಹಳತಾಯಿತೆಂದು ತಂಗಿಗೆ ಕೊಟ್ಟವು, ಎಷ್ಟೋ ಮನೆಗಳ ನಾಗಂದಿಗೆಯ ಮೇಲೆ ಇಂದು ಧೂಳು ತಿನ್ನುತ್ತಿವೆ. ಏನಾಗಿದೆ ಎಂದು ಕೇಳಿದರೆ ‘ತುಂಬಾ ಸ್ಲೋ ಟೀಚರ್, ಆನ್ ಆಗೋಕೇ ಹತ್ತು ನಿಮಿಷ ಬೇಕು’ ಎಂಬ ಉತ್ತರ. ಅಂಗಡಿಗೆ ಒಯ್ದರೆ ‘ಇದರಲ್ಲೇನೂ ಇಲ್ಲ, ಹೊಸದು ತಗೊಳ್ಳಿ’ ಎನ್ನುತ್ತಾರೆ. ಹೊಸದೆಂದರೆ ಮೂವತ್ತೈದು, ನಲವತ್ತು ಸಾವಿರ. ಎಲೆಚುಕ್ಕೆ ರೋಗ ಬಂದು ಅಡಿಕೆ ತೋಟ ಸೊರಗಿರುವ ಮನೆಯಲ್ಲಿ ಅಷ್ಟು ಹಣ ಎಲ್ಲಿಂದ ಬರಬೇಕು? ಕಷ್ಟಪಟ್ಟು ಒಂದನ್ನು ತಂದರೂ ಅದು ಮೊದಲು ಯಾರ ಕೋಣೆಗೆ ಹೋಗುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಡಿಗ್ರಿಯ ಪ್ರಾಜೆಕ್ಟನ್ನು ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಕುಟ್ಟುತ್ತ ಕೂರುವವಳು ತಂಗಿ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ 2023ರಲ್ಲಿ ಆದದ್ದೂ ಇದೇ. ಎಂಟು ವರ್ಷದ ಲ್ಯಾಪ್‌ಟಾಪು. ದೊಡ್ಡ ಊರಿನ ಸರ್ವಿಸ್ ಸೆಂಟರಿನವರು ಅದರ ಮುಚ್ಚಳವನ್ನೂ ತೆಗೆಯದೆ ‘ಆಯುಸ್ಸು ಮುಗಿದಿದೆ’ ಎಂದು ಹೇಳಿ ಕಳಿಸಿದ್ದರು. ಹುಡುಗಿ ಬಿಡಲಿಲ್ಲ. ಆ ಮಾಡೆಲ್ಲಿನ ಬಿಡಿಭಾಗಗಳ ಕೈಪಿಡಿಯನ್ನು ಹುಡುಕಿ ಓದಿಕೊಂಡು, ನಮ್ಮ ಮನೆಯ ಊಟದ ಮೇಜಿನ ಮೇಲೆ ಅದನ್ನು ಬಿಚ್ಚಿದಳು. ತನ್ನ ಕಡತಗಳನ್ನು ಮೊದಲೇ ಪೆನ್‌ಡ್ರೈವಿಗೆ ಇಳಿಸಿಕೊಂಡಿದ್ದಳು. ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ತೆಗೆದ ಪ್ರತಿ ಸ್ಕ್ರೂವನ್ನು ಚಿತ್ರದ ಅದೇ ಜಾಗದಲ್ಲಿ ಇಟ್ಟಳು. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಒಳಗಿನ ಹಲಗೆಗೆ ತೂತು ಬೀಳಬಹುದಂತೆ. ತಳದ ಮುಚ್ಚಳ ತೆಗೆದೊಡನೆ ಮಾಡಿದ ಮೊದಲ ಕೆಲಸ ಬ್ಯಾಟರಿಯ ಸಂಪರ್ಕ ತಪ್ಪಿಸಿದ್ದು.

ಒಳಗೆ ಇದ್ದದ್ದೇನು? ಫ್ಯಾನಿನ ರೆಕ್ಕೆಗಳಿಗೆ ಕಂಬಳಿಯಂತೆ ಹೊದ್ದುಕೊಂಡ ಧೂಳು. ಹಳೆಯ ಹಾರ್ಡ್ ಡಿಸ್ಕು. ಅದರೊಳಗೆ ತಟ್ಟೆಯೊಂದು ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುತ್ತದೆ, ಸೂಜಿಯಂಥ ಕೈಯೊಂದು ಅದರ ಮೇಲೆ ಓಡಾಡಿ ಬೇಕಾದ್ದನ್ನು ಹುಡುಕುತ್ತದೆ. ವಿಳಂಬವೆಲ್ಲ ಆ ಓಡಾಟದ್ದೇ. ಅದನ್ನು ತೆಗೆದು, ಅದೇ ಅಳತೆಯ, ಒಳಗೆ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಕೂರಿಸಿದಳು. 4 ಜಿಬಿ ರ್‍ಯಾಮ್ ಪಟ್ಟಿಯ ಪಕ್ಕದಲ್ಲಿ ಖಾಲಿ ಬಿದ್ದಿದ್ದ ಗಾಡಿಗೆ ಇನ್ನೊಂದು 4 ಜಿಬಿ ಪಟ್ಟಿಯನ್ನು ಓರೆಯಾಗಿ ಸೇರಿಸಿ ಮೆಲ್ಲನೆ ಒತ್ತಿದಳು. ‘ಟಿಕ್’ ಎಂದು ಕೂತಿತು. ಹಳೆಯ ಪಟ್ಟಿಯ ಹೊನ್ನಬಣ್ಣದ ಅಂಚು ಮಂಕಾಗಿತ್ತು, ನಮ್ಮ ಮಳೆಗಾಲದ ತೇವ ಯಾವುದನ್ನು ಬಿಟ್ಟಿದೆ? ನನ್ನ ಪೆನ್ಸಿಲ್ ಡಬ್ಬಿಯ ರಬ್ಬರಿನಿಂದ ಅದನ್ನು ಉಜ್ಜಿ ಸ್ವಚ್ಛ ಮಾಡಿದಳು. ವಿಂಡೋಸನ್ನು ಶಿರಸಿಯ ಅಂಗಡಿಯ ಹುಡುಗ ಹಾಕಿಕೊಟ್ಟ. ಎಲ್ಲ ಸೇರಿ ಖರ್ಚು ನಾಲ್ಕು ಸಾವಿರದೊಳಗೆ. ಹತ್ತು ನಿಮಿಷ ಕಾಯಿಸುತ್ತಿದ್ದ ಯಂತ್ರ ಅರ್ಧ ನಿಮಿಷದಲ್ಲಿ ಎದ್ದು ಕೂತಿತು. ಆ ಹುಡುಗಿ ಬಿ.ಕಾಂ. ಮುಗಿಸಿದ್ದು ಅದರಲ್ಲೇ.

ಇದರಲ್ಲಿ ಮಹಾ ವಿದ್ಯೆ ಎಂಬುದು ಯಾವುದಿದೆ, ನೀವೇ ಹೇಳಿ. ಹೊಲಿಗೆ ಮಷಿನ್ನಿನ ಬಾಬಿನ್ ಕೇಸು ತೆಗೆದು, ಸಿಕ್ಕಿಕೊಂಡ ನೂಲು ಬಿಡಿಸಿ, ಎಣ್ಣೆ ಬಿಟ್ಟು ಮತ್ತೆ ಜೋಡಿಸುವವರು ನಾವು. ಕುಕ್ಕರಿನ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಬದಲಿಸುವವರು ನಾವು. ಸುಗ್ಗಿಯಲ್ಲಿ ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕೂತು, ಮಾತಾಡುತ್ತ ಮಾತಾಡುತ್ತಲೇ ಬೆರಳಿಗೆ ಗಾಯ ಮಾಡಿಕೊಳ್ಳದೆ ಅಡಿಕೆ ಸುಲಿಯುವ ಕೈಗಳಿಗೆ ಒಂದು ಸ್ಕ್ರೂಡ್ರೈವರ್ ಭಾರವೇ? ಕೈಗೆ ಬರುವುದಿಲ್ಲ ಎನ್ನುವುದು ಸುಳ್ಳು. ಕೈಗೆ ಕೊಟ್ಟಿರಲಿಲ್ಲ ಎನ್ನುವುದು ನಿಜ.

ನಾವು ಕೈ ಹಾಕಲು ತಯಾರಾದರೂ ಕಂಪನಿಗಳು ಬಿಡಬೇಕಲ್ಲ! ಆ ಹುಡುಗಿಯ ಲ್ಯಾಪ್‌ಟಾಪು ಹಳೆಯದಾದದ್ದೇ ಅವಳ ಪುಣ್ಯ. ಆ್ಯಪಲ್ ಕಂಪನಿ 2012ರಲ್ಲಿ ತಂದ ತೆಳ್ಳನೆಯ ಮ್ಯಾಕ್‌ಬುಕ್ ಪ್ರೊದಲ್ಲಿ ರ್‍ಯಾಮನ್ನು ಹಲಗೆಗೇ ಬೆಸುಗೆ ಹಾಕಿತು, ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿತು. ಹೊರಗಿನ ಸ್ಕ್ರೂಗಳಿಗೋ ಸಾಮಾನ್ಯ ಸ್ಕ್ರೂಡ್ರೈವರ್ ಹಿಡಿಯದಂತೆ ಐದೆಸಳಿನ ತಲೆ. ಬೇರೆ ಕಂಪನಿಗಳೂ ಎಷ್ಟೋ ಮಾಡೆಲ್ಲುಗಳಲ್ಲಿ ರ್‍ಯಾಮನ್ನು ಬೆಸೆದುಬಿಟ್ಟಿವೆ. ತೆಳ್ಳಗಿರಬೇಕೆಂದರೆ ಹೀಗೆ ಮಾಡಲೇಬೇಕು ಎಂಬುದು ಅವರ ಸಮಜಾಯಿಷಿ. ಇರಬಹುದು, ಕೆಲವೊಂದಕ್ಕೆ. ಆದರೆ ಒಂದು ಕೂದಲೆಳೆ ದಪ್ಪವಾದರೂ ಚಿಂತೆಯಿಲ್ಲ, ನಾಲ್ಕು ವರ್ಷ ಹೆಚ್ಚು ಬಾಳಲಿ ಎನ್ನುವ ಗಿರಾಕಿಯನ್ನು ಅವರು ಎಂದಾದರೂ ಕೇಳಿದ್ದಾರೆಯೇ?

ಇದು ಹೊಸ ಚಾಳಿಯೂ ಅಲ್ಲ. 1924ರಲ್ಲಿ ಯುರೋಪು, ಅಮೆರಿಕದ ದೊಡ್ಡ ಬಲ್ಬು ಕಂಪನಿಗಳು ಜಿನೀವಾದಲ್ಲಿ ಒಂದು ಕೂಟ ಕಟ್ಟಿಕೊಂಡವು, ಫೀಬಸ್ ಎಂದು ಅದರ ಹೆಸರು. ಬಲ್ಬು 1000 ಗಂಟೆಗಿಂತ ಹೆಚ್ಚು ಉರಿಯಬಾರದು ಎಂದು ಅವು ತಮ್ಮತಮ್ಮಲ್ಲೇ ನಿಯಮ ಮಾಡಿಕೊಂಡವು; ಹೆಚ್ಚು ಬಾಳುವ ಬಲ್ಬು ಮಾಡಿದ ಸದಸ್ಯನಿಗೆ ದಂಡ! ಒಳ್ಳೆಯ ಸಾಮಾನು ಮಾಡಿದ್ದಕ್ಕೆ ದಂಡ ಕಟ್ಟುವ ವ್ಯಾಪಾರವನ್ನು ನಮ್ಮ ಶಿರಸಿ ಪೇಟೆಯಲ್ಲಿ ಯಾರಾದರೂ ಮಾಡಿದ್ದರೆ ಜನ ಸುಮ್ಮನಿರುತ್ತಿದ್ದರೇ? ಈಗ ಬಿಡಿಭಾಗ ಒಂದೂ ಕೆಡದೆಯೂ ಯಂತ್ರ ಹಳತಾಗುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತು. ವಿಂಡೋಸ್ 11 ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಅಂಥವುಗಳಲ್ಲಿ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಚೆನ್ನಾಗಿಯೇ ನಡೆಯುತ್ತದೆ; ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಕಲಿಯುತ್ತಿರುವುದು ಅದರಲ್ಲೇ. ಈ ಮಾತನ್ನು ನಮಗೆ ಯಾವ ಅಂಗಡಿಯವರು ಹೇಳಿದ್ದಾರೆ?

ಸರ್ಕಾರ ಏನು ಮಾಡುತ್ತಿದೆ ಎಂದು ಕೇಳಬಹುದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕಿ’ನ ಬಗ್ಗೆ 2022ರ ಜುಲೈನಲ್ಲಿ ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರ್ 24ರ ಗ್ರಾಹಕ ದಿನದಂದು ಮಾಹಿತಿ ಕೊಡುವ ಜಾಲತಾಣವನ್ನೂ ತೆರೆಯಿತು. ಒಳ್ಳೆಯದೇ. ಆದರೆ ಮಾಹಿತಿ ಬೇರೆ, ಕಾಯ್ದೆ ಬೇರೆ. ಫ್ರಾನ್ಸಿನಲ್ಲಿ 2021ರಲ್ಲಿ ಒಂದು ನಿಯಮ ಬಂತು: ಲ್ಯಾಪ್‌ಟಾಪ್ ಮಾರುವವರು ಅದು ಎಷ್ಟು ಸುಲಭವಾಗಿ ದುರಸ್ತಿಯಾಗುತ್ತದೆ ಎಂಬುದಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಬೆಲೆಯ ಪಕ್ಕದಲ್ಲೇ ತೋರಿಸಬೇಕು. ಮೂವತ್ತು ವರ್ಷ ಮಕ್ಕಳಿಗೆ ಅಂಕ ಕೊಟ್ಟ ನನಗೆ ಇದು ಬಹಳ ಹಿಡಿಸಿತು. ಹತ್ತಕ್ಕೆ ಮೂರು ಬಂದವನು ತಲೆ ತಗ್ಗಿಸಿ ನಿಲ್ಲಲಿ, ಪ್ರಗತಿಪತ್ರವನ್ನು ಮನೆಗೆ ತೋರಿಸದೆ ಬಚ್ಚಿಡುವುದು ಯಾಕೆ?

‘ಟೀಚರ್, ವಾರಂಟಿ ಹೋಗುತ್ತದಲ್ಲ’ ಎನ್ನುವವರಿದ್ದಾರೆ. ವಾರಂಟಿ ಇರುವ ತನಕ ಕಂಪನಿಯಿಂದಲೇ ಮಾಡಿಸಿಕೊಳ್ಳಿ, ಅದಕ್ಕೆ ದುಡ್ಡು ಕೊಟ್ಟಿದ್ದೀರಿ. ನನ್ನ ಮಾತು ಅದು ಮುಗಿದ ಮೇಲಿನ ವರ್ಷಗಳದ್ದು. ‘ರಿಪೇರಿ ಹುಡುಗರ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ’ ಎನ್ನುವವರೂ ಇದ್ದಾರೆ. ಅವರ ಹೊಟ್ಟೆಯ ಮೇಲೆ ಹೊಡೆಯುತ್ತಿರುವುದು ಬೆಸುಗೆ ಮತ್ತು ಅಂಟು. ಬಿಚ್ಚಲಾಗದ ಯಂತ್ರ ನಮ್ಮ ಕೈಗೂ ಬರುವುದಿಲ್ಲ, ಅವರ ಕೈಗೂ ಬರುವುದಿಲ್ಲ. ಇನ್ನು ಅಪಾಯದ ಮಾತು. ಅದು ಇದೆ. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು. ಬೆಂಕಿ ಹತ್ತುತ್ತದೆ, ತಿಳಿದವರ ಕೈಗೇ ಕೊಡಬೇಕು. ಚಾರ್ಜರಿನ ಡಬ್ಬಿಯನ್ನು ಮನೆಯಲ್ಲಿ ಒಡೆಯಬಾರದು. ಒಲೆಯಲ್ಲೂ ಬೆಂಕಿಯೇ ಇರುವುದು; ಆದರೆ ಅದರ ಹತ್ತಿರ ಹೋಗಬೇಡ ಎಂದು ಹೆಣ್ಣುಮಕ್ಕಳಿಗೆ ಯಾರೂ ಹೇಳಿದ್ದನ್ನು ನಾನು ಕಾಣೆ. ಹುಷಾರಾಗಿ ಮಾಡುವುದನ್ನು ಕಲಿಸಿದರು, ಅಷ್ಟೆ. ಇಲ್ಲೂ ಅದನ್ನೇ ಮಾಡಬಹುದಲ್ಲ?

ಆದ್ದರಿಂದ ಮುಂದಿನ ಸಲ ಮಗಳಿಗೆ ಲ್ಯಾಪ್‌ಟಾಪ್ ಕೊಳ್ಳಲು ಹೋದಾಗ ಬಣ್ಣ, ತೂಕ ನೋಡುವ ಮೊದಲು ಅಂಗಡಿಯವರನ್ನು ಮೂರು ಪ್ರಶ್ನೆ ಕೇಳಿ. ರ್‍ಯಾಮ್ ಹೆಚ್ಚಿಸಲು ಗಾಡಿ ಇದೆಯೇ, ಬೆಸುಗೆಯೇ? ಎಸ್‌ಎಸ್‌ಡಿ ಬದಲಿಸಬಹುದೇ? ಬ್ಯಾಟರಿ ಸ್ಕ್ರೂ ಬಿಚ್ಚಿದರೆ ಬರುತ್ತದೆಯೇ, ಅಂಟೇ? ‘ಅದೆಲ್ಲ ನಿಮಗ್ಯಾಕೆ ಮೇಡಂ’ ಎಂದರೆ ಬೇರೆ ಅಂಗಡಿಗೆ ಹೋಗಿ. ಸೀರೆಯ ಸೆರಗು, ಅಂಚು, ಒಳಬದಿ ಎಲ್ಲ ತಿರುವಿ ನೋಡದೆ ಐನೂರು ರೂಪಾಯಿ ಬಿಚ್ಚದ ನಾವು, ನಲವತ್ತು ಸಾವಿರದ ಡಬ್ಬಿಯನ್ನು ತಿರುಗಿಸಿಯೂ ನೋಡದೆ ಯಾಕೆ ತರಬೇಕು? ಇನ್ನು ನಾಗಂದಿಗೆಯ ಮೇಲಿರುವುದನ್ನು ಗುಜರಿಗೆ ಹಾಕುವ ಮೊದಲು ಕೆಳಗಿಳಿಸಿ, ಒಂದು ಸ್ಕ್ರೂಡ್ರೈವರ್ ತನ್ನಿ. ಅದನ್ನು ಮಗಳ ಕೈಗೆ ಕೊಡಿ. ಮಗ ‘ನಾನು ಮಾಡ್ತೆ ತಾ’ ಎಂದು ಮುಂದೆ ಬಂದರೆ ಅವನೂ ಕೂರಲಿ, ಟಾರ್ಚು ಹಿಡಿದುಕೊಂಡು.