ಲಿಫಿ ನೀರಿನ ಮಹಿಮೆಯಂತೆ!

"ಗಿನ್ನೆಸ್ ಕುಡಿದರೆ ಡಬ್ಲಿನ್‌ನಲ್ಲೇ ಕುಡೀಬೇಕು ಗುರು, ಲಿಫಿ ನದಿ ನೀರಿನ ರುಚಿನೇ ಬೇರೆ!" ಆನ್‌ಸೈಟ್ ಹೋಗಿಬಂದವರ ಬಾಯಲ್ಲೆಲ್ಲ ಇದೇ ಪುರಾಣ. ಅಲ್ಲಿದ್ದು ಬಂದ ನಾನೂ ಇದನ್ನೇ ಊದಿದವನು. ಗೆಳೆಯನೊಬ್ಬ ಆಸೆಯಿಂದ ಡ್ಯೂಟಿ ಫ್ರೀಯಲ್ಲಿ ತಂದ ಕ್ಯಾನನ್ನು "ಇದೂ ಒಂದು ಗಿನ್ನೆಸ್ಸಾ?" ಅಂತ ಪಕ್ಕಕ್ಕೆ ಸರಿಸಿದ್ದೆ. ಅವನ ಮುಖ ಸಣ್ಣದಾಗಿತ್ತು.

ಸುಳ್ಳು ಸ್ವಾಮಿ. ಬ್ರೂವರಿಗೆ ನೀರು ಬರೋದು ಊರ ನಡುವೆ ಹರಿಯೋ ಲಿಫಿಯಿಂದಲ್ಲ, ವಿಕ್ಲೋ ಬೆಟ್ಟಗಳ ಕಡೆಯಿಂದ. ಲಂಡನ್ನಿನ ಪಬ್ಬಿಗೆ ಹೋಗೋ ಡ್ರಾಫ್ಟ್ ಕೂಡ ತಯಾರಾಗೋದು ಡಬ್ಲಿನ್ನಿನ ಅದೇ ಸೇಂಟ್ ಜೇಮ್ಸ್ ಗೇಟ್‌ನಲ್ಲಿ. ಹಾಗಾದ್ರೆ ರುಚಿ ಕೆಡೋದೆಲ್ಲಿ? ಪೈಪಿನಲ್ಲಿ! ಕೆಗ್‌ನಿಂದ ನಲ್ಲಿವರೆಗಿನ ಪೈಪು ತೊಳೆಯದಿದ್ರೆ ಹುಳಿ. ಬೇಗ ಖಾಲಿಯಾಗದ ಕೆಗ್ ಸಪ್ಪೆ. ನೈಟ್ರೋಜನ್ ಮುಕ್ಕಾಲು, ಕಾರ್ಬನ್ ಡೈಆಕ್ಸೈಡ್ ಕಾಲು, ಈ ಲೆಕ್ಕ ತಪ್ಪಿದ್ರೆ ಆ ಕೆನೆನೊರೆ ಏಳಲ್ಲ. ಡಬ್ಲಿನ್ನಿನ ಹೆಚ್ಚುಗಾರಿಕೆ ಇಷ್ಟೇ: ಅಲ್ಲಿ ಕೆಗ್ ಬೇಗ ಖಾಲಿಯಾಗುತ್ತೆ. (ಎರಡು ಸಲ ಸುರಿದು ಮುಗಿಸೋಕೆ 119.5 ಸೆಕೆಂಡ್ ಬೇಕಂತೆ. ಆ ಅರ್ಧ ಸೆಕೆಂಡ್ ಯಾರು ಅಳೀತಾರೋ!)

ಡೇರಿಗೆ ಹಾಲು ಹಾಕಿ ಬೆಳೆದ ನನಗಿದು ಮೊದಲೇ ಹೊಳೀಬೇಕಿತ್ತು. ಕ್ಯಾನು ತೊಳೆಯದೆ ಹಾಲು ಒಡೆದ ದಿನ ಅವ್ವ ಹಸುವನ್ನ ಬೈತಿರಲಿಲ್ಲ, ನನ್ನನ್ನ ಬೈತಿದ್ದಳು. ಪೈಪು ತೊಳೆಯೋ ಹುಡುಗನಿಗೆ ಸಲ್ಲಬೇಕಾದ ಹೊಗಳಿಕೆಯನ್ನ ನಾವು ನದಿಗೆ ಸುರೀತೀವಿ. ಡಬ್ಲಿನ್ನಿನಲ್ಲೇ, ಪ್ರವಾಸಿಗರು ಮುಗಿಬೀಳೋ ಪಬ್ಬೊಂದರಲ್ಲಿ, ಹುಳಿ ಪೈಂಟ್ ಕುಡಿದು "ಆಹಾ" ಅಂದವನು ನಾನು. ದುಡ್ಡು ಕೊಟ್ಟಿದ್ದೆನಲ್ಲ!

ಇನ್ನು ಕ್ಯಾನು. ಅದರೊಳಗೆ ನೈಟ್ರೋಜನ್ ಚಿಮ್ಮಿಸೋ ವಿಡ್ಜೆಟ್ 1980ರ ದಶಕದ ಕೊನೆಯಿಂದಲೇ ಇದೆ. ತಣ್ಣಗಿಟ್ಟು ಗ್ಲಾಸಿಗೆ ಸುರಿದರೆ ಕೆನೆ ಕಟ್ಟುತ್ತೆ. ಗೆಳೆಯ ತಂದಿದ್ದನ್ನ ನಾನು ಓಪನ್ ಕೂಡ ಮಾಡಿರಲಿಲ್ಲ.