ಕೊಟ್ಟಿಗೆಗೆ ಮ್ಯಾಟ್ ತರೋ ಮುಂಚೆ

ಹೋದ ಮಳೆಗಾಲದಲ್ಲಿ ನಮ್ಮ ಎಂಟು ತಿಂಗಳ ಗಬ್ಬದ ಹಸು ಕೊಟ್ಟಿಗೇಲಿ ಜಾರಿ ಬಿತ್ತು. ಕರು ಉಳೀಲಿಲ್ಲ. ಬಿದ್ದಿದ್ದು ಸಿಮೆಂಟ್ ಮೇಲಲ್ಲ, ನಾನೇ ಅಗ್ಗಕ್ಕೆ ತಂದ ತೆಳು, ನುಣುಪು ರಬ್ಬರ್ ಮ್ಯಾಟ್ ಮೇಲೆ.

ಮ್ಯಾಟೇ ದಂಡ ಅಂತ ನಾನು ಹೇಳಲ್ಲ. ಬರೀ ಸಿಮೆಂಟಲ್ಲಿ ಮಲಗಿ ಎದ್ದು ಹಸುಗಳ ಮಂಡಿ ಗಾಯ ಆಗೋದು ಎಲ್ಲರೂ ನೋಡಿದ್ದೀವಿ. ಆದ್ರೆ ಬರೀ ರೇಟು ನೋಡಿ ತರಬೇಡಿ. 15 ಮಿ.ಮೀ.ಗೆ ಕಮ್ಮಿ ದಪ್ಪ ಬೇಡ, ಮೇಲೆ ಉಬ್ಬು ಗೆರೆ ಇರಲಿ. ಅಂಗಡೀಲೇ ನೀರು ಹಾಕಿ ಬರಿಗಾಲಲ್ಲಿ ಉಜ್ಜಿ ನೋಡಿ. ನಿಮ್ಮ ಕಾಲು ಜಾರಿದ್ರೆ ಹಸೂದೂ ಜಾರುತ್ತೆ.

ನೆಲಕ್ಕೆ ಚರಂಡಿ ಕಡೆ ಇಳಿಜಾರು ಇಲ್ಲದಿದ್ರೆ ಎಂಥ ಮ್ಯಾಟೂ ಕೆಲಸಕ್ಕೆ ಬರಲ್ಲ. ವಾರಕ್ಕೊಮ್ಮೆ ಎತ್ತಿ ಅಡಿ ತೊಳೀರಿ. ಗಂಜಲ ನಿಂತ್ರೆ ಕೆಚ್ಚಲು ಬಾವಿಗೆ ದಾರಿ.

ದುಡ್ಡು ಸಾಲದಿದ್ರೆ ಗಬ್ಬದ ಹಸುವಿಗೆ ಒಂದೇ ಒಂದು ಒಳ್ಳೇದು ತನ್ನಿ, ಉಳಿದವಕ್ಕೆ ಒಣಹುಲ್ಲು ಹಾಸಿ. ನಾನು ಸಾವಿರ ರೂಪಾಯಿ ಉಳಿಸೋಕೆ ಹೋಗಿ ಕರು ಕಳ್ಕೊಂಡೆ.